ಕಡತದಿಂದ ವರ್ಕ್‌ಶೀಟಿನವರೆಗೆ: ಮೈಸೂರು ಸೀಮೆಯ ಅಂಕಿಗಳನ್ನು ದಾಖಲಿಸುವ ಬಗೆಯ ಕುರಿತು

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ, ಕೆಂಗೇರಿಗೆ ಹೋಗುವ ದಾರಿಯಿಂದ ಸ್ವಲ್ಪ ಒಳಕ್ಕೆ, ಉಲ್ಲಾಳವೆಂಬ ಗ್ರಾಮವಿದೆ. ಗ್ರಾಮವೆಂದು ನಾವು ಹಳೆಯ ರೂಢಿಯಿಂದ ಹೇಳುತ್ತಿದ್ದೇವೆ. ಅದು ನಗರದೊಳಗೆ ಸೇರಿಹೋಗಿ, ಕೆರೆಯೊಂದನ್ನೂ ಹೆಸರನ್ನೂ ಉಳಿಸಿಕೊಂಡು, ಉಳಿದುದೆಲ್ಲ ಬಡಾವಣೆಗಳಾಗಿ ಮಾರ್ಪಟ್ಟಿದೆ. ಅಂಕಿ-ಅಂಶಗಳ ಅಭ್ಯಾಸಿಗೆ ಈ ನೆಲ ಒಂದು ಬಗೆಯಲ್ಲಿ ಅನುಕೂಲವಾದುದು. ನೆರೆಯಲ್ಲಿಯೇ ಜ್ಞಾನಭಾರತಿ, ನಾಗರಭಾವಿಯಲ್ಲಿ ವಿ. ಕೆ. ಆರ್. ವಿ. ರಾಯರು 1972ರಲ್ಲಿ ಸ್ಥಾಪಿಸಿದ ಸಾಮಾಜಿಕ ಹಾಗೂ ಆರ್ಥಿಕ ಬದಲಾವಣೆಯ ಸಂಸ್ಥೆ. ಮೈಸೂರು ರಸ್ತೆಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಬೆಂಗಳೂರು ಕೇಂದ್ರ. ಇಷ್ಟು ವಿದ್ಯಾಸ್ಥಾನಗಳ ನಡುವೆ ನಿಂತಿರುವ ಉಲ್ಲಾಳದ ಸುತ್ತಿನ ಕೆಲವು ಹಳೆಯ ಪಹಣಿಗಳ ಪ್ರತಿಗಳನ್ನು ತೆಗೆದುಕೊಂಡು, ಅವುಗಳಲ್ಲಿನ ವಿಸ್ತೀರ್ಣಗಳನ್ನು ಗಣಕಯಂತ್ರದ ವರ್ಕ್‌ಶೀಟಿನಲ್ಲಿ ತುಂಬಿಸುವ ಅಭ್ಯಾಸವನ್ನು ನಮ್ಮ ವಿಭಾಗದ ವಿದ್ಯಾರ್ಥಿಗಳಿಗೆ ಕೊಟ್ಟೆವು. ಕೆಲಸವು ಎರಡು ದಿನಗಳಲ್ಲಿ ಮುಗಿಯಿತು. ಮೊತ್ತವು ಮಾತ್ರ ಪಹಣಿಯ ಮೊತ್ತಕ್ಕೆ ಎಷ್ಟು ಮಾಡಿದರೂ ಕೂಡಿಬರಲಿಲ್ಲ. ಈ ಲೇಖನವು ಆ ತಪ್ಪಿನ ಬೆನ್ನು ಹತ್ತಿ ಹೋದುದರ ಫಲ.

ತಪ್ಪಿನ ಮೂಲವು ಯಂತ್ರದಲ್ಲಿಲ್ಲವೆಂಬುದು ಬೇಗನೆ ಗೊತ್ತಾಯಿತು. ಮೈಸೂರು ಸೀಮೆಯಲ್ಲಿ ಅಂಕಿಯನ್ನು ಬರೆದಿಡುವ ಪದ್ಧತಿಗೆ ತನ್ನದೇ ಆದ ಚರಿತ್ರೆಯುಂಟು. ಆ ಚರಿತ್ರೆಯನ್ನು ಅರಿಯದೆ ಹಳೆಯ ಅಂಕಿಯನ್ನು ಹೊಸ ಹಾಳೆಗೆ ಇಳಿಸಿದರೆ, ಅಂಕಿಯ ರೂಪ ಉಳಿದು ಬೆಲೆ ಬದಲಾಗುತ್ತದೆ; ಕೆಲವೊಮ್ಮೆ ಎರಡೂ ಬದಲಾಗುತ್ತವೆ.

ಮೊದಲು ಕಡತದ ವಿಚಾರ. ಇಂದು ನಾವು ಕಚೇರಿಯ ಫೈಲಿಗೆ ಕಡತವೆನ್ನುತ್ತೇವೆ. ಗಣಕಯಂತ್ರದಲ್ಲಿ ಶೇಖರಿಸಿಟ್ಟ ಫೈಲಿಗೂ ಅದೇ ಹೆಸರು ಸಂದಿದೆ. ಪೂರ್ವದಲ್ಲಿ ಕಡತವೆಂದರೆ ಹುಣಿಸೆಬೀಜದ ಸರಿ ಮತ್ತು ಇದ್ದಿಲ ಪುಡಿಯನ್ನು ಬಳಿದು ಕಪ್ಪಾಗಿಸಿದ ಬಟ್ಟೆ. ಅದನ್ನು ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದರು. ಶೃಂಗೇರಿ ಮಠದಲ್ಲಿ ಇಂಥ ಕಡತಗಳು ಹೇರಳವಾಗಿ ಉಳಿದುಬಂದಿವೆ. 1810ರಲ್ಲಿ ತನ್ನ ಮೈಸೂರು ಇತಿಹಾಸದ ಮೊದಲ ಸಂಪುಟವನ್ನು ಪ್ರಕಟಿಸಿದ ಮಾರ್ಕ್ ವಿಲ್ಕ್ಸನು ಈ ಬರವಣಿಗೆಯ ಬಗೆಯನ್ನು ವಿವರಿಸಿದ್ದಾನೆ. ಇದರ ಒಂದು ಗುಣವನ್ನು ಇಲ್ಲಿ ಗಮನಿಸಬೇಕು: ಬರೆದುದನ್ನು ಒರಸಿ, ಅದೇ ಜಾಗದಲ್ಲಿ ಮತ್ತೊಂದನ್ನು ಬರೆಯಬಹುದಾಗಿತ್ತು. ಕಾಗದದ ಮೇಲೆ ಶಾಯಿಯಿಂದ ಬರೆದ ಅಂಕಿಯನ್ನು ತಿದ್ದಿದರೆ ಹೊಡೆದುಹಾಕಿದ ಗೆರೆಯಾದರೂ ಸಾಕ್ಷಿಗೆ ನಿಲ್ಲುತ್ತದೆ. ಕಡತದ ಮೇಲೆ ಹಾಗೆ ನಿಲ್ಲುತ್ತಿರಲಿಲ್ಲ. ವರ್ಕ್‌ಶೀಟಿನ ಮನೆಯಲ್ಲಿಯೂ ನಿಲ್ಲುವುದಿಲ್ಲ. ಹೆಸರೊಂದೇ ಅಲ್ಲದೆ ಸ್ವಭಾವದಲ್ಲಿಯೂ ಹಳೆಯ ಕಡತವೇ ಮರಳಿ ಬಂದಿದೆಯೆಂದು ಹೇಳಬಹುದು. ಆದುದರಿಂದ ಮೂಲವನ್ನು ನೋಡಿ ಬರೆದ ಮೊದಲ ಹಾಳೆಯನ್ನು ಮುಟ್ಟದೆ ಹಾಗೆಯೇ ಇಟ್ಟು, ಅದರ ಪ್ರತಿಯ ಮೇಲೆ ಮಾತ್ರ ತಿದ್ದುಪಡಿಗಳನ್ನು ಮಾಡಬೇಕೆಂದು ನಾವು ವಿದ್ಯಾರ್ಥಿಗಳಿಗೆ ವಿಧಿಸಿದೆವು.

ಆ ಕಾಲದ ಲೆಕ್ಕದಲ್ಲಿ ದಶಮಾಂಶಕ್ಕೆ ಸ್ಥಳವಿರಲಿಲ್ಲ. ಎಣಿಕೆಯು ಹತ್ತರ ಕ್ರಮದಲ್ಲಿ ಮೇಲೇರುತ್ತಿತ್ತು. ಒಂದಕ್ಕಿಂತ ಕೆಳಗೆ ಇಳಿದೊಡನೆ ನಾಲ್ಕರ ಕ್ರಮ. ಹತ್ತು ಹಣಕ್ಕೆ ಒಂದು ವರಹ. ಆದರೆ ಹಣದ ಅರ್ಧ ಅಡ್ಡ, ಕಾಲು ಭಾಗ ಹಾಗ, ಹದಿನಾರನೆಯ ಭಾಗ ವೀಸ. ರೂಪಾಯಿ ಬಂದಮೇಲೂ ಹದಿನಾರು ಆಣೆ, ಆಣೆಗೆ ಹನ್ನೆರಡು ಪೈ ಎಂಬ ಕ್ರಮವೇ ನಡೆಯಿತು. 1957ರ ಏಪ್ರಿಲ್ 1ರಂದು ನಯಾಪೈಸೆ ಜಾರಿಗೆ ಬರುವವರೆಗೆ ಈ ನಾಡಿನ ಪ್ರತಿಯೊಂದು ಖಾತೆಯೂ ಹೀಗೆಯೇ ಬರೆಯಲ್ಪಟ್ಟಿತು. 5-8-0 ಎಂದರೆ ಐದೂವರೆ ರೂಪಾಯಿ. ಇದನ್ನು 5.80 ಎಂದು ಬರೆದುಕೊಂಡ ಪ್ರಬಂಧಗಳನ್ನು ನಾವೇ ಕಂಡಿದ್ದೇವೆ.

ಭೂಮಿಯ ಅಳತೆಯು ಇದಕ್ಕಿಂತ ಹೆಚ್ಚು ತೊಡಕಿನದು. ಬೌರಿಂಗ್ ಕಮಿಷನರಾಗಿದ್ದಾಗ, 1863ರಲ್ಲಿ, ಬೊಂಬಾಯಿಯ ಕ್ರಮವನ್ನು ಅನುಸರಿಸಿ ಮೈಸೂರಿನಲ್ಲಿ ಕಂದಾಯದ ಮೋಜಣಿಯು ಆರಂಭವಾಯಿತು. 33 ಅಡಿ ಉದ್ದ, 33 ಅಡಿ ಅಗಲದ ಚೌಕವು ಒಂದು ಗುಂಟೆ, ಅಂದರೆ 1,089 ಚದರಡಿ. 40 ಗುಂಟೆಗೆ ಒಂದು ಎಕರೆ, ಅಂದರೆ 43,560 ಚದರಡಿ. ಗುಂಟೆಯ ಹದಿನಾರನೆಯ ಭಾಗ ಆಣೆ. ನಾಣ್ಯದಿಂದ ಆಣೆಯು ಹೋಗಿ ದಶಕಗಳಾದರೂ ಭೂಮಿಯ ದಾಖಲೆಯಲ್ಲಿ ಅದು ಇಂದಿಗೂ ಬದುಕಿದೆ. ಶಾನುಭೋಗರು ಎಕರೆ ಮತ್ತು ಗುಂಟೆಗಳನ್ನು ಅಕ್ಕಪಕ್ಕದಲ್ಲಿ ಬರೆದು ನಡುವೆ ಅಡ್ಡಗೆರೆಯನ್ನೋ ಚುಕ್ಕೆಯನ್ನೋ ಇಡುತ್ತಿದ್ದರು. ಆ ಚುಕ್ಕೆಯೇ ನಮ್ಮ ಅನರ್ಥಕ್ಕೆ ಕಾರಣವಾದುದು.

ಉದಾಹರಣೆಗಾಗಿ ಮೂರು ಜಮೀನುಗಳನ್ನು ತೆಗೆದುಕೊಳ್ಳೋಣ: ಒಂದು ಎಕರೆ ಮೂವತ್ತು ಗುಂಟೆ, ಇಪ್ಪತ್ತೈದು ಗುಂಟೆ, ಎರಡು ಎಕರೆ ಐದು ಗುಂಟೆ. ಶಾನುಭೋಗರ ಲೆಕ್ಕದಲ್ಲಿ ಗುಂಟೆಗಳು ಅರವತ್ತಾಗಿ, ನಲವತ್ತಕ್ಕೆ ಒಂದು ಎಕರೆ ಮೇಲೇರಿ, ಒಟ್ಟು ನಾಲ್ಕು ಎಕರೆ ಇಪ್ಪತ್ತು ಗುಂಟೆಯಾಗುತ್ತದೆ. ಅಂದರೆ ನಾಲ್ಕೂವರೆ ಎಕರೆ. ವಿದ್ಯಾರ್ಥಿಯು ಇವನ್ನು 1.30, 0.25, 2.05 ಎಂದು ಮೂರು ಮನೆಗಳಲ್ಲಿ ತುಂಬಿದ. ಯಂತ್ರವು 3.60 ಎಂದು ಕೂಡಿಕೊಟ್ಟಿತು. ಅದನ್ನು ದಶಮಾಂಶವೆಂದು ಓದಿದರೆ ಮೂರು ಎಕರೆ ಇಪ್ಪತ್ತನಾಲ್ಕು ಗುಂಟೆ; ಮೂವತ್ತಾರು ಗುಂಟೆ ಎಲ್ಲಿಯೋ ಕರಗಿಹೋಯಿತು. ಉಲ್ಲಾಳದ ನೆಲದಲ್ಲಿ ಮೂವತ್ತಾರು ಗುಂಟೆಯೆಂದರೆ 39,204 ಚದರಡಿ. ಮೂವತ್ತು-ನಲವತ್ತರ ನಿವೇಶನಗಳು ಮೂವತ್ತೆರಡು ಹಿಡಿದು ಮಿಕ್ಕುವಷ್ಟು. ಇಷ್ಟೇ ಆಗಿದ್ದರೆ ಒಂದೇ ಸೂತ್ರದಿಂದ ಸರಿಪಡಿಸಬಹುದಾಗಿತ್ತು. ಕಾಲಮಿಗೆ ದಶಮಾಂಶದ ಸ್ಥಾನಗಳನ್ನು ನಿಗದಿ ಮಾಡದಿದ್ದುದರಿಂದ 1.30 ಎಂಬುದು ಕೊನೆಯ ಸೊನ್ನೆಯನ್ನು ಬಿಟ್ಟು 1.3 ಎಂದು ತೋರಿತು. ಮರುದಿನ ಇನ್ನೊಬ್ಬ ವಿದ್ಯಾರ್ಥಿನಿ ಅದನ್ನು ಒಂದು ಎಕರೆ ಮೂರು ಗುಂಟೆಯೆಂದು ಓದಿ, ಪಕ್ಕದ ಕಾಲಮಿನಲ್ಲಿ ಹಾಗೆಯೇ ಬರೆದಳು. ಆಕೆಯದು ಅಜಾಗರೂಕತೆಯೆಂದು ನಾವು ಹೇಳಲಾರೆವು. ಕಣ್ಣಿಗೆ ಕಂಡುದನ್ನೇ ಬರೆದಳು. ಕಂಡುದು ಬೇರೆ, ಮನೆಯೊಳಗೆ ಇದ್ದುದು ಬೇರೆ, ಮೂಲದ ಶಾನುಭೋಗರು ಹೇಳಿದುದು ಬೇರೆ.

ವರ್ಕ್‌ಶೀಟಿನ ಮುಖ್ಯ ತತ್ತ್ವವೇ ಇದು. ಪ್ರತಿಯೊಂದು ಮನೆಯಲ್ಲಿಯೂ ಒಂದು ಬೆಲೆ, ಅದರ ಮೇಲೆ ಒಂದು ಉಡುಗೆ. 12.4567 ಎಂಬ ಸಂಖ್ಯೆಗೆ ಎರಡು ದಶಮಾಂಶದ ಉಡುಗೆ ತೊಡಿಸಿದರೆ 12.46 ಎಂದು ಕಾಣುತ್ತದೆ. ಲೆಕ್ಕದಲ್ಲಿ ಮಾತ್ರ ಹಳೆಯ ಸಂಖ್ಯೆಯೇ ನಡೆಯುತ್ತದೆ. ಮುದ್ರಿತ ಕೋಷ್ಟಕದ ಬಿಡಿ ಅಂಕಿಗಳನ್ನು ಕೂಡಿದಾಗ ಮೊತ್ತಕ್ಕೆ ಒಂದೆರಡರ ವ್ಯತ್ಯಾಸ ಬರುವುದು ಇದರಿಂದಲೇ. ಶಾನುಭೋಗರ ಕಾಲದಲ್ಲಿ ಬೆಲೆ ಮತ್ತು ಉಡುಗೆ ಬೇರೆಯಾಗಿರಲಿಲ್ಲ. ಅಂಕಿಯು ನಿಂತ ಸ್ಥಳ, ಅದರ ಮುಂದಿನ ಗೆರೆ, ಪಕ್ಕದ ಚುಕ್ಕೆ, ಇವೆಲ್ಲ ಬೆಲೆಯ ಭಾಗವೇ ಆಗಿದ್ದುವು.

ಇದಕ್ಕೆ ಉಜ್ಜ್ವಲವಾದ ನಿದರ್ಶನವು ಜನಗಣತಿಯಲ್ಲಿ ದೊರೆಯುತ್ತದೆ. 1881ರ ಗಣತಿಯಲ್ಲಿ ಮನೆಮನೆಯ ಪಟ್ಟಿಗಳನ್ನು ದೊಡ್ಡ ಹಾಳೆಗಳ ಮೇಲೆ ಗೀಟು ಹಾಕುತ್ತ ಎಣಿಸಿದರು. 1901ರಲ್ಲಿ ಭಾರತದಾದ್ಯಂತ ಚೀಟಿಯ ಪದ್ಧತಿಯು ಬಂದಿತು. ಬವೇರಿಯದ ಗಿಯಾರ್ಗ್ ಫಾನ್ ಮೇಯರನು 1871ರ ಗಣತಿಯಲ್ಲಿ ಬಳಸಿದ್ದ ಕ್ರಮವದು. ಪ್ರತಿಯೊಬ್ಬ ಮನುಷ್ಯನಿಗೂ ಒಂದು ಚೀಟಿ; ಚೀಟಿಯ ಬಣ್ಣದಿಂದ ಮತವು ಗೊತ್ತಾಗುತ್ತಿತ್ತು; ಅದರ ಮೇಲಿನ ಚಿಹ್ನೆಯಿಂದ ಗಂಡೋ ಹೆಣ್ಣೋ, ವಿವಾಹಿತರೋ ಅವಿವಾಹಿತರೋ ಎಂಬುದು. ಗುಮಾಸ್ತನು ಅಷ್ಟನ್ನು ಬರೆಯುವ ಶ್ರಮವೇ ಇಲ್ಲದೆ, ಚೀಟಿಗಳನ್ನು ಗೂಡುಗಳಿಗೆ ವಿಂಗಡಿಸಿ ಎಣಿಸುತ್ತಿದ್ದನು. ಅಮೆರಿಕದಲ್ಲಿ 1890ರ ಗಣತಿಗೇ ಹಾಲರಿತನ ರಂಧ್ರಪತ್ರದ ಯಂತ್ರವು ಬಂದಿದ್ದರೂ, ಈ ವಿಶಾಲ ದೇಶದಲ್ಲಿ ಬಣ್ಣದ ಕಾಗದವೂ ಗುಮಾಸ್ತನ ಕೈಯೂ ಆ ಕೆಲಸವನ್ನು ಮಾಡಿದುವು. 1931ರ ಮೈಸೂರು ಗಣತಿಯ ಹೊಣೆಯನ್ನು ಹೊತ್ತು ವರದಿಯನ್ನು ಬರೆದವರು ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರೆಂಬುದು ಅವರ ಕಥೆಗಳನ್ನು ಓದುವ ನಮ್ಮ ವಿದ್ಯಾರ್ಥಿಗಳಲ್ಲಿ ಹಲವರಿಗೆ ತಿಳಿಯದು.

ಚೀಟಿಯ ಪದ್ಧತಿಯಲ್ಲಿ ಬಣ್ಣವೂ ಒಂದು ಅಂಕಿಯೇ. ಇಂದಿನ ಸಂಶೋಧಕನೂ ಅದೇ ಅಭ್ಯಾಸದಿಂದ, ಸಂದೇಹವಿರುವ ಅಂಕಿಗಳಿಗೆ ಕೆಂಪು ಬಣ್ಣ, ಪರಿಶೀಲಿಸಿದವಕ್ಕೆ ಹಸಿರು ಬಣ್ಣ ಬಳಿಯುತ್ತಾನೆ. ಆದರೆ ವರ್ಕ್‌ಶೀಟಿನ ಬಣ್ಣವು ಉಡುಗೆಗೆ ಸೇರಿದುದು. ಹಾಳೆಯನ್ನು ಅಲ್ಪವಿರಾಮಗಳಿಂದ ಬೇರ್ಪಡಿಸಿದ ಸರಳ ಪಠ್ಯವಾಗಿ ಉಳಿಸಿ ಸಂಖ್ಯಾಶಾಸ್ತ್ರದ ತಂತ್ರಾಂಶಕ್ಕೆ ಒಯ್ದೊಡನೆ ಕೆಂಪು ಹಸಿರುಗಳೆರಡೂ ಅಳಿಸಿಹೋಗಿ, ಸಂದೇಹಾಸ್ಪದವಾದ ಅಂಕಿಯು ನಿಶ್ಚಿತವಾದ ಅಂಕಿಯೊಡನೆ ಸಮನಾಗಿ ಕುಳಿತುಕೊಳ್ಳುತ್ತದೆ. ಸಂದೇಹವನ್ನು ದಾಖಲಿಸಬೇಕಾದರೆ ಅದಕ್ಕೊಂದು ಪ್ರತ್ಯೇಕ ಕಾಲಮನ್ನೇ ಕೊಡಬೇಕು.

ಅಲ್ಪವಿರಾಮದ ಮಾತು ಬಂದುದರಿಂದ ಇನ್ನೊಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡಬೇಕು. ಮೈಸೂರಿನ ಜನಸಂಖ್ಯೆಯು 1871ರಲ್ಲಿ 50,55,412, 1881ರಲ್ಲಿ 41,86,188. ನಡುವೆ 1876-78ರ ಮಹಾಕ್ಷಾಮ. ಈ ಎರಡು ಅಂಕಿಗಳ ವ್ಯತ್ಯಾಸ 8,69,224. ನೂರಕ್ಕೆ ಹದಿನೇಳಕ್ಕಿಂತ ಹೆಚ್ಚು. ಮೈಸೂರಿನ ಆಧುನಿಕ ಚರಿತ್ರೆಯಲ್ಲಿ ಇದಕ್ಕಿಂತ ದಾರುಣವಾದ ವ್ಯವಕಲನವನ್ನು ನಾವು ಕಾಣೆವು. ನಾವು ಲಕ್ಷ, ಸಾವಿರಗಳಿಗೆ ತಕ್ಕಂತೆ ಅಲ್ಪವಿರಾಮವನ್ನು ಇಡುತ್ತೇವೆ; ಇಂಗ್ಲಿಷ್ ವರದಿಗಳಲ್ಲಿ ಅದೇ ಸಂಖ್ಯೆಯು ಮೂರು ಮೂರು ಅಂಕೆಗಳಿಗೊಮ್ಮೆ ವಿರಾಮಗೊಂಡು 5,055,412 ಎಂದು ನಿಲ್ಲುತ್ತದೆ. ಯಂತ್ರಕ್ಕೆ ಎರಡೂ ಉಡುಗೆಗಳೇ. ಮನೆಯೊಳಗಿನ ಬೆಲೆ ಒಂದೇ. ಆದರೆ ಅಲ್ಪವಿರಾಮವನ್ನೇ ಕಾಲಮಿನ ಗಡಿಯೆಂದು ತಿಳಿಯುವ ಪಠ್ಯಕ್ಕೆ ಇದನ್ನು ಉದ್ಧರಣೆಯ ಚಿಹ್ನೆಯಿಲ್ಲದೆ ಹಾಗೆಯೇ ಬರೆದರೆ, 50 ಒಂದು ಮನೆಗೆ, 55 ಇನ್ನೊಂದಕ್ಕೆ, 412 ಮತ್ತೊಂದಕ್ಕೆ ಹೋಗಿ ಬೀಳುತ್ತದೆ. ನಮ್ಮ ಹಾಳೆಯೊಂದರಲ್ಲಿ 1881ರ ಮೈಸೂರಿನ ಜನಸಂಖ್ಯೆಯು ನಲವತ್ತೊಂದು ಎಂದು ಒಂದು ಸಂಜೆಯೆಲ್ಲ ನಿಂತಿತ್ತು. ಅಂಕಿಗಳನ್ನು ಯಾವ ವಿರಾಮವೂ ಇಲ್ಲದೆ ತುಂಬಿ, ಅಲ್ಪವಿರಾಮಗಳನ್ನು ಮುದ್ರಣದ ಸಮಯಕ್ಕೆ ಬಿಡುವುದೇ ಲೇಸು.

ವರ್ಕ್‌ಶೀಟು ಎಂಬ ಸಾಧನದ ಚರಿತ್ರೆಯನ್ನು ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ. 1972ರಲ್ಲಿ ಪೆನ್ಸಿಲ್ವೇನಿಯ ರಾಜ್ಯ ವಿಶ್ವವಿದ್ಯಾನಿಲಯದಲ್ಲಿ ಹುಟ್ಟಿದ ಮಿನಿಟ್ಯಾಬ್ ಬೋಧನೆಗಾಗಿಯೇ ರಚಿತವಾದುದು. 1979ರಲ್ಲಿ ಬ್ರಿಕ್ಲಿನ್ ಮತ್ತು ಫ್ರಾಂಕ್‌ಸ್ಟನ್ ಎಂಬವರ ವಿಸಿಕ್ಯಾಲ್ಕ್, 1983ರಲ್ಲಿ ಲೋಟಸ್, 1985ರಲ್ಲಿ ಎಕ್ಸೆಲ್ ಬಂದುವು. ಎರಡು ವರ್ಗಗಳ ನಡುವೆ ಒಂದು ಭೇದವಿದೆ. ಲೆಕ್ಕಪತ್ರದ ಹಾಳೆಯಲ್ಲಿ ಒಂದೊಂದು ಮನೆಗೂ ಒಂದೊಂದು ಜಾತಿ. ಸಂಖ್ಯಾಶಾಸ್ತ್ರದ ಹಾಳೆಯಲ್ಲಿ ಜಾತಿಯು ಇಡೀ ಕಾಲಮಿನದು. ಮಿನಿಟ್ಯಾಬಿನಲ್ಲಿ ಅಕ್ಷರಗಳ ಕಾಲಮಿನ ತಲೆಯ ಮೇಲೆ ‘ಟಿ’ ಎಂಬ ಗುರುತೂ ತಾರೀಖಿನ ಕಾಲಮಿನ ಮೇಲೆ ‘ಡಿ’ ಎಂಬ ಗುರುತೂ ಕಾಣುತ್ತವೆ. ಏನೂ ಇಲ್ಲದಿದ್ದರೆ ಅದು ಸಂಖ್ಯೆಯ ಕಾಲಂ. ಖಾಲಿ ಕಾಲಮಿನ ಮೊದಲ ಮನೆಯಲ್ಲಿ ‘ಸುಮಾರು 20’ ಎಂದು ಬರೆದರೆ ಕಾಲಮೆಲ್ಲವೂ ಅಕ್ಷರದ ಜಾತಿಗೆ ಸೇರಿ, ಸರಾಸರಿಯನ್ನು ಕೇಳಿದಾಗ ಯಂತ್ರವು ನಿರಾಕರಿಸುತ್ತದೆ. ಈ ಕಟ್ಟುನಿಟ್ಟು ಮೊದಲಿಗೆ ಬೇಸರವನ್ನು ತಂದರೂ, ಚರಿತ್ರೆಯ ವಿದ್ಯಾರ್ಥಿಗೆ ಇದೇ ಹಿತವಾದುದೆಂದು ನಮ್ಮ ಅಭಿಪ್ರಾಯ.

ಕನ್ನಡ ಅಂಕೆಗಳ ಪಾಡು ಇಲ್ಲಿಯೇ ಬರುತ್ತದೆ. ಹಳೆಯ ದಾಖಲೆಯನ್ನು ನೋಡಿಕೊಂಡು ೧೨ ಎಂದೇ ಬರೆದ ವಿದ್ಯಾರ್ಥಿಯ ನಿಷ್ಠೆಯನ್ನು ಮೆಚ್ಚಬೇಕು. ಆದರೆ ಆರ್ ಎಂಬ ತಂತ್ರಾಂಶಕ್ಕೆ ಅದನ್ನು ಸಂಖ್ಯೆಯಾಗಿಸೆಂದು ಹೇಳಿದರೆ, ಬೆಲೆ ಇಲ್ಲವೆಂಬ ಉತ್ತರ ಬರುತ್ತದೆ. ಪೈಥಾನ್ ಭಾಷೆಯು ಅದನ್ನೇ ಹನ್ನೆರಡೆಂದು ಸರಿಯಾಗಿ ಓದುತ್ತದೆ. ಸೊನ್ನೆಗೂ ಅನುಸ್ವಾರಕ್ಕೂ ಇರುವ ರೂಪಸಾಮ್ಯದಿಂದ ಒಂದರ ಜಾಗದಲ್ಲಿ ಇನ್ನೊಂದು ಸೇರಿಕೊಂಡರೆ, ಕಣ್ಣಿಗೆ ಗೊತ್ತಾಗುವುದೂ ಇಲ್ಲ.

ಸರ್ವೆ ನಂಬರಿನ ವಿಷಯವು ಇನ್ನೂ ವಿಚಿತ್ರ. 12ನೆಯ ಸರ್ವೆ ನಂಬರಿನ ಮೂರನೆಯ ಹಿಸ್ಸೆಯನ್ನು 12/3 ಎಂದು ಬರೆಯುವುದು ನಮ್ಮ ರೂಢಿ. ಎಕ್ಸೆಲ್ ಇದನ್ನು ಕಂಡೊಡನೆ ಮಾರ್ಚಿ 12 ಎಂಬ ತಾರೀಖಾಗಿ ಮಾರ್ಪಡಿಸುತ್ತದೆ. ಯಂತ್ರವು ಅಮೆರಿಕದ ಪದ್ಧತಿಗೆ ಹೊಂದಿಸಲ್ಪಟ್ಟಿದ್ದರೆ ಡಿಸೆಂಬರ್ 3. ಬರೆದ ವರ್ಷವು 2024 ಆಗಿದ್ದು, ಗಾಬರಿಯಿಂದ ಉಡುಗೆಯನ್ನು ಸಂಖ್ಯೆಗೆ ಬದಲಾಯಿಸಿದರೆ, ಆ ಮಾರ್ಚಿ 12ರ ಜಾಗದಲ್ಲಿ 45363 ಎಂದು ಕಾಣುತ್ತದೆ. ತಾರೀಖುಗಳನ್ನು 1900ರ ಆರಂಭದಿಂದ ದಿನಗಳ ಎಣಿಕೆಯಾಗಿ ಇಟ್ಟುಕೊಳ್ಳುವುದು ಅದರ ಕ್ರಮ. ಪಕ್ಕದ 145/2 ಮಾತ್ರ ತಾರೀಖಾಗಲಾರದೆ ಅಕ್ಷರವಾಗಿ ಉಳಿಯುವುದರಿಂದ, ಒಂದೇ ಕಾಲಮಿನಲ್ಲಿ ಎರಡು ಜಾತಿಗಳು ಬೆರೆಯುತ್ತವೆ. ನಮ್ಮ ಶಾನುಭೋಗರ ಬರವಣಿಗೆಯೊಂದೇ ಈ ಸಂಕಟಕ್ಕೆ ಒಳಗಾಯಿತೆಂದು ಭಾವಿಸಬಾರದು. ಮಾನವನ ಜೀನುಗಳಿಗೆ ಹೆಸರಿಡುವ ವಿದ್ವಾಂಸರ ಸಮಿತಿಯು, ಮಾರ್ಚಿ ಸೆಪ್ಟೆಂಬರುಗಳಂತೆ ಕಾಣುತ್ತಿದ್ದ ಕೆಲವು ಹೆಸರುಗಳನ್ನು 2020ರಲ್ಲಿ ಬದಲಾಯಿಸಿದುದಾಗಿ ಪ್ರಕಟಿಸಬೇಕಾಯಿತು. ವಿಜ್ಞಾನಿಗಳು ಹೆಸರನ್ನು ಬದಲಾಯಿಸಿಕೊಂಡರು. ಮೋಜಣಿಯ ನಂಬರನ್ನು ಬದಲಾಯಿಸುವ ಸ್ವಾತಂತ್ರ್ಯ ನಮಗಿಲ್ಲವಾದ್ದರಿಂದ, ತುಂಬುವ ಮೊದಲೇ ಆ ಕಾಲಮನ್ನು ಅಕ್ಷರದ ಜಾತಿಯೆಂದು ಘೋಷಿಸಬೇಕು.

ತಾರೀಖಿನ ಎಣಿಕೆಯು 1900ರಿಂದ ಆರಂಭವಾಗುವುದರ ಪರಿಣಾಮವು ಚರಿತ್ರಕಾರನಿಗೆ ನೇರವಾಗಿ ತಟ್ಟುತ್ತದೆ. 1881ರ ಗಣತಿಯು ನಡೆದುದು ಫೆಬ್ರವರಿ 17ರಂದು. 1891ರದು ಫೆಬ್ರವರಿ 26ರಂದು. ಎಕ್ಸೆಲಿನ ಪಂಚಾಂಗದಲ್ಲಿ ಈ ದಿನಗಳೇ ಇಲ್ಲ. ಬರೆದರೆ ಅಕ್ಷರವಾಗಿ ಕುಳಿತುಕೊಳ್ಳುತ್ತವೆ. ಇಲ್ಲದಿದ್ದ ದಿನವೊಂದು ಮಾತ್ರ ಅದರಲ್ಲಿದೆ: 1900ರ ಫೆಬ್ರವರಿ 29. ಲೋಟಸಿನಲ್ಲಿದ್ದ ತಪ್ಪನ್ನು ಹೊಂದಾಣಿಕೆಗಾಗಿ ಹಾಗೆಯೇ ಉಳಿಸಿಕೊಂಡರು. ವರ್ಷ, ತಿಂಗಳು, ದಿನ ಎಂದು ಮೂರು ಸಂಖ್ಯೆಯ ಕಾಲಮುಗಳನ್ನು ಮಾಡಿಕೊಳ್ಳುವುದು ಇದಕ್ಕೆ ಪರಿಹಾರ. ವಿಸ್ತೀರ್ಣಕ್ಕೂ ಅದೇ ಮಾರ್ಗ: ಎಕರೆಗೊಂದು, ಗುಂಟೆಗೊಂದು, ಆಣೆಗೊಂದು ಕಾಲಂ, ನಾಲ್ಕನೆಯದರಲ್ಲಿ ಎಕರೆಯನ್ನು ನಲವತ್ತರಿಂದ ಗುಣಿಸಿ, ಗುಂಟೆಯನ್ನೂ ಆಣೆಯ ಹದಿನಾರನೆಯ ಭಾಗವನ್ನೂ ಕೂಡಿಸುವ ಸೂತ್ರ. ಹೀಗೆ ಮಾಡಿದ ದಿನ ನಮ್ಮ ಮೊತ್ತವು ಪಹಣಿಯ ಮೊತ್ತದೊಡನೆ ಗುಂಟೆಗೆ ಗುಂಟೆ ಕೂಡಿತು. ಕೂಡದೆ ಉಳಿದ ಎರಡು ಕಡೆಗಳಲ್ಲಿ, ಮತ್ತೆ ಮತ್ತೆ ಪರಿಶೀಲಿಸಿದ ಮೇಲೆ, ಹಳೆಯ ಬರಹಗಾರನೇ ಕೂಡುವುದರಲ್ಲಿ ತಪ್ಪಿದ್ದನೆಂದು ಗೊತ್ತಾಯಿತು. ಅವುಗಳನ್ನು ನಾವು ತಿದ್ದಲಿಲ್ಲ. ಪಕ್ಕದ ಕಾಲಮಿನಲ್ಲಿ ಟಿಪ್ಪಣಿಯನ್ನು ಬರೆದಿಟ್ಟೆವು.

ಇದೇ ಕೆಲಸವು ದೊಡ್ಡ ಪ್ರಮಾಣದಲ್ಲಿ ನಡೆದಾಗ ಪ್ರತಿಯೊಂದು ಮನೆಯ ಹಿಂದೆಯೂ ಒಂದು ಕುಟುಂಬವಿರುತ್ತದೆ. 2000ದ ಆಸುಪಾಸಿನಲ್ಲಿ ಕರ್ನಾಟಕ ಸರ್ಕಾರವು ‘ಭೂಮಿ’ ಯೋಜನೆಯ ಮೂಲಕ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. ಸುಮಾರು 67 ಲಕ್ಷ ಹಿಡುವಳಿದಾರರ ಜಮೀನು ಅದರಲ್ಲಿ ಅಡಕವಾಗಿದೆ. ಕೈಬರಹದ ಪಹಣಿಗೆ ಆಮೇಲೆ ಮಾನ್ಯತೆ ಉಳಿಯಲಿಲ್ಲ. ಅಂಥಲ್ಲಿ ಗುಂಟೆಯ ಕಾಲಮಿನಲ್ಲಿ ಸೊನ್ನೆಯೊಂದು ಬಿದ್ದುಹೋದರೆ, ಅದರ ತಿದ್ದುಪಡಿಗಾಗಿ ರೈತನು ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಬೇಕಾಗುತ್ತದೆ.

ಖಾಲಿ ಮನೆಗೂ ಸೊನ್ನೆಗೂ ಇರುವ ಭೇದವನ್ನು ಎಷ್ಟು ಹೇಳಿದರೂ ಸಾಲದು. ಬಾವಿಗಳ ಕಾಲಮಿನಲ್ಲಿ ಸೊನ್ನೆಯೆಂದರೆ ಬಾವಿಯಿಲ್ಲವೆಂದು ಹೋಗಿ ನೋಡಿದವನ ಮಾತು. ಖಾಲಿಯೆಂದರೆ ಯಾರೂ ನೋಡಲಿಲ್ಲ, ಅಥವಾ ಹುಳು ತಿಂದ ಕಾಗದದಲ್ಲಿ ಓದಲಾಗಲಿಲ್ಲ. ರಂಧ್ರಪತ್ರಗಳ ಕಾಲದಲ್ಲಿ ತಿಳಿಯದ ವಯಸ್ಸಿಗೆ 99 ಅಥವಾ 999 ಎಂದು ಹಾಕುವ ರೂಢಿಯಿತ್ತು. ಮೂವತ್ತು ವರ್ಷದ ಒಂಬತ್ತು ಮಂದಿಯ ಜೊತೆಗೆ ಅಂಥ ಒಂದು 999 ಸೇರಿದರೆ ಸರಾಸರಿ ವಯಸ್ಸು 126.9 ಆಗುತ್ತದೆ, ಇದು ನಗೆಯನ್ನು ತರುವುದರಿಂದ ಸಿಕ್ಕಿಬೀಳುತ್ತದೆ. ಸೊನ್ನೆಯು ನಗೆಯನ್ನು ತರುವುದಿಲ್ಲ. ಸದ್ದಿಲ್ಲದೆ ಸರಾಸರಿಯನ್ನು ಕೆಳಕ್ಕೆ ಎಳೆಯುತ್ತದೆ. ಆದ್ದರಿಂದಲೇ ಮಿನಿಟ್ಯಾಬ್ ಇಲ್ಲದ ಬೆಲೆಗೆ ನಕ್ಷತ್ರದ ಚಿಹ್ನೆಯನ್ನೂ ಎಸ್‌ಪಿಎಸ್‌ಎಸ್ ಚುಕ್ಕೆಯನ್ನೂ ಇರಿಸಿಕೊಂಡಿವೆ.

ಕೊನೆಗೆ ಊರಿನ ಹೆಸರಿನ ಕಾಲಂ. ಅದು ಬರಿಯ ಅಕ್ಷರವೆಂದು ನಾವು ಗಮನವನ್ನೇ ಕೊಟ್ಟಿರಲಿಲ್ಲ. ನಮ್ಮ ಊರು ಉಲ್ಲಾಳ. ಉಲ್ಲಾಳು ಎಂದೂ ಬರೆಯುವುದುಂಟು. ಮಂಗಳೂರಿನ ಬಳಿ ನೇತ್ರಾವತಿಯ ದಕ್ಷಿಣಕ್ಕೆ ಕಡಲ ತೀರದಲ್ಲಿ, ರಾಣಿ ಅಬ್ಬಕ್ಕನಿಂದ ಪ್ರಸಿದ್ಧವಾದುದು ಉಳ್ಳಾಲ. ಲಕಾರ ಳಕಾರಗಳನ್ನು ಬಲ್ಲ ಕನ್ನಡಿಗನಿಗೆ ಇವೆರಡೂ ಬೇರೆ. ಆದರೆ ರೋಮನ್ ಲಿಪಿಯಲ್ಲಿ ಬರೆದೊಡನೆ ಎರಡೂ ಒಂದೇ ಆಗುತ್ತವೆ; ರಾಜ್ಯದ ಪಟ್ಟಿಯೊಂದನ್ನು ಹೆಸರಿನ ಆಧಾರದಿಂದ ಜೋಡಿಸಿದಾಗ, ಕಡಲ ತೀರದ ಅಂಕಿಗಳು ಕೆಂಗೇರಿಯ ಪಕ್ಕಕ್ಕೆ ಬಂದು ನಿಂತಿದ್ದುವು. 2011ರ ಗಣತಿಯಲ್ಲಿ ಜಿಲ್ಲೆಗಳಿಗೆ ಕೊಟ್ಟ ಸಂಕೇತಗಳ ಪ್ರಕಾರ ಬೆಂಗಳೂರು 572, ದಕ್ಷಿಣ ಕನ್ನಡ 575. ಈ ಸಂಕೇತವನ್ನು ಹೆಸರಿನ ಪಕ್ಕದಲ್ಲಿ ಬರೆದು ಗೊಂದಲವನ್ನು ನಿವಾರಿಸಿದೆವು. ಸಂಕೇತವು ಅಂಕೆಗಳಲ್ಲಿದ್ದರೂ ಅದು ಕೂಡುವ ಸಂಖ್ಯೆಯಲ್ಲವಾದ್ದರಿಂದ ಆ ಕಾಲಮನ್ನೂ ಅಕ್ಷರದ ಜಾತಿಗೇ ಸೇರಿಸಿದ್ದೇವೆ. 2001ರ ಗಣತಿಯಲ್ಲಿ ಬೆಳಗಾವಿಗಿದ್ದ 01 ಎಂಬ ಸಂಕೇತವು ಸಂಖ್ಯೆಯ ಕಾಲಮಿನಲ್ಲಿ ಬರಿಯ 1 ಆಗಿ ನಿಂತಿದ್ದುದನ್ನು ಅಷ್ಟರಲ್ಲಿ ಕಂಡಿದ್ದೆವು.